ನಿಮಗಿದು ಗೊತ್ತೇ? ಸತ್ತದ್ದು ಸೆಲ್, ಕ್ಯಾಲ್ಕುಲೇಟರ್ ಅಲ್ಲ

ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದ ಊರು ಕಲ್ಯಾಣ. ಅಲ್ಲಿನ ಕಿರಾಣಿ ಅಂಗಡಿಯ ಗಲ್ಲಾದಲ್ಲೋ, ಹುಮನಾಬಾದಿನ ಅಡತಿ ಅಂಗಡಿಯ ಕಪಾಟಿನಲ್ಲೋ 1970ರ ದಶಕದ, ಕೆಂಪು ಅಂಕಿ ಬೆಳಗುವ ಕ್ಯಾಲ್ಕುಲೇಟರ್ ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಎಷ್ಟೋ ಸಲ ಕೆಟ್ಟಿರುವುದು ಒಳಗಿನ ಚಾರ್ಜಿಂಗ್ ಸೆಲ್ ಮಾತ್ರ.

ಆ ಕೆಂಪು ದೀಪಗಳಿಗೆ ಕರೆಂಟ್ ಬಹಳ ಬೇಕಿತ್ತು. 1972ರಲ್ಲಿ 395 ಡಾಲರಿಗೆ ಬಂದ ಎಚ್‌ಪಿ-35ರಲ್ಲಿ ಮೂರು ಪೆನ್ಸಿಲ್ ಸೆಲ್‌ಗಳ ಕಟ್ಟು ಇತ್ತು. ಒಮ್ಮೆ ಚಾರ್ಜ್ ಮಾಡಿದರೆ ನಡೆಯುತ್ತಿದ್ದದ್ದು ಕೆಲವೇ ಗಂಟೆ. ಮರುವರ್ಷ ಬಂದ ಶಾರ್ಪ್ ಇಎಲ್-805ರ ಎಲ್‌ಸಿಡಿ ಪರದೆಗೆ ಒಂದೇ ಸೆಲ್ 100 ಗಂಟೆ ಸಾಕಾಯಿತು.

ಎಚ್‌ಪಿ-35ರಲ್ಲಿದ್ದ ನಿಕಲ್-ಕ್ಯಾಡ್ಮಿಯಮ್ ಜಾತಿಯ ಸೆಲ್ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಕಂಡುಹಿಡಿದದ್ದು. ಹುಮನಾಬಾದಿನಿಂದ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹೊರಟರೆ ಸಿಗುವ ಹೈದರಾಬಾದಿನ ಎಚ್‌ಬಿಎಲ್ ಕಂಪನಿ ಇದೇ ಜಾತಿಯ ದೊಡ್ಡ ಬ್ಯಾಟರಿಗಳನ್ನು ತಯಾರಿಸುತ್ತದೆ.

ಮಲ್ಟಿಮೀಟರ್ ಹಿಡಿದು ನೋಡಿ. ಒಂದು ಸೆಲ್‌ಗೆ 1.2 ವೋಲ್ಟ್, ಮೂರಕ್ಕೆ 3.6. ಚಾರ್ಜ್ ಮಾಡಿದ ಮೇಲೂ 2.4ರ ಸುತ್ತಲೇ ನಿಂತರೆ ಒಂದು ಸೆಲ್ ಒಳಗೇ ಶಾರ್ಟ್ ಆಗಿರುವ ಸಂಭವ ಹೆಚ್ಚು. ಕ್ಯಾಡ್ಮಿಯಮ್ಮಿನ ಕೂದಲೆಳೆಯಂಥ ಹರಳು ಬೆಳೆದು ಎರಡು ತಗಡುಗಳ ನಡುವಿನ ತೆರೆ ಚುಚ್ಚಿರುತ್ತದೆ.

ತುದಿಯಲ್ಲಿ ಬಿಳಿ ಪುಡಿ ಕಟ್ಟಿದೆಯೇ? ಸೋರಿದ ಕ್ಷಾರ ಗಾಳಿಗೆ ಒಣಗಿದಾಗ ಹೀಗಾಗುತ್ತದೆ. ಕೈಗವಸು ಹಾಕಿಕೊಂಡು, ಹತ್ತಿಗೆ ನಿಂಬೆರಸ ಅಥವಾ ವಿನೆಗರ್ ತಾಗಿಸಿ ಒರೆಸಿ. ಸಣ್ಣಗೆ ನೊರೆ ಎದ್ದು ಪುಡಿ ಕರಗುತ್ತದೆ, ಕೆಳಗಿನ ಲೋಹ ಕಾಣುತ್ತದೆ. ಆಮೇಲೆ ಸ್ಪಿರಿಟ್ ಹಾಕಿ ಒರೆಸಿ ಪೂರ್ತಿ ಒಣಗಿಸಿ. ಹುಳಿ ಅಲ್ಲೇ ಉಳಿದರೆ ಲೋಹವನ್ನೇ ತಿನ್ನುತ್ತದೆ.

ಸೆಲ್‌ನ ಮೈಗೆ ನೇರವಾಗಿ ಬೆಸುಗೆ ಹಾಕುವಂತಿಲ್ಲ, ಬಿಸಿಗೆ ಒಳಗಿನ ಸೀಲ್ ಹಾಳು. ಮೊದಲೇ ನಿಕಲ್ ಪಟ್ಟಿ ಕೂರಿಸಿದ ಸೆಲ್ ತಂದು ಆ ಪಟ್ಟಿಗೆ ಬೆಸೆಯಬೇಕು.

ಈಗ ಸುಲಭವಾಗಿ ಸಿಗುವ ನಿಕಲ್-ಮೆಟಲ್ ಹೈಡ್ರೈಡ್ ಸೆಲ್‌ಗೂ ವೋಲ್ಟ್ 1.2, ಅಳತೆಯೂ ಒಂದೇ. ಆದರೆ ಹಳೆಯ ಸೆಲ್ 500 ಮಿಲಿಆಂಪ್-ಗಂಟೆಯದಾದರೆ ಹೊಸದು 2000ದ್ದು. 50 ಮಿಲಿಆಂಪ್ ಕೊಡುವ ಹಳೆಯ ಚಾರ್ಜರಿಗೆ ಅದನ್ನು ತುಂಬಲು 40 ಗಂಟೆಗೂ ಹೆಚ್ಚು ಬೇಕು! ಸೆಲ್ ಹೊರತೆಗೆದು ಬೇರೆ ಚಾರ್ಜರಿನಲ್ಲಿ ತುಂಬಿಸುವುದೇ ಜಾಣತನ. ಅದೂ ಕಲ್ಯಾಣದ ಮೇ ತಿಂಗಳ ಮಧ್ಯಾಹ್ನದಲ್ಲಿ ಬೇಡ, ನಸುಕಿನ ತಂಪಿನಲ್ಲಿ ಹಚ್ಚಿ. 45 ಡಿಗ್ರಿ ದಾಟಿದ ಸೆಲ್ ಸರಿಯಾಗಿ ಚಾರ್ಜ್ ಹಿಡಿಯುವುದಿಲ್ಲ.

ಅದೇ ಗಾತ್ರದ ಲಿಥಿಯಂ ಸೆಲ್ ಕೂಡ ಮಾರುಕಟ್ಟೆಯಲ್ಲಿದೆ. ಹಾಕಲೇಬೇಡಿ. ಒಂದೊಂದೂ 3.7 ವೋಲ್ಟ್, ಮೂರು ಸೇರಿದರೆ 11 ದಾಟುತ್ತದೆ, ಯಂತ್ರ ಸುಟ್ಟೀತು, ಹಳೆಯ ಚಾರ್ಜರ್ ಹಚ್ಚಿದರೆ ಬೆಂಕಿಯೂ ಹೊತ್ತೀತು.

1975ರ ಎಚ್‌ಪಿ-21, ಎಚ್‌ಪಿ-25 ನಿಮ್ಮಲ್ಲಿದ್ದರೆ ಇನ್ನೊಂದು ಎಚ್ಚರ. ಸೆಲ್ ಇಲ್ಲದೆ, ಅಥವಾ ಸೆಲ್ ಸರಿಯಾಗಿ ತಾಗದೆ ಚಾರ್ಜರ್ ಚುಚ್ಚಿದರೆ ಒಳಗಿನ ಚಿಪ್ ಸುಡಬಹುದು. ಆ ಚಿಪ್ ಈಗ ಹೊಸದಾಗಿ ಸಿಗದು.

ಕಿತ್ತ ಸೆಲ್ ಹೊಲದಂಚಿಗೆ ಎಸೆಯಬೇಡಿ. ಕ್ಯಾಡ್ಮಿಯಮ್ ವಿಷಲೋಹ, ಮಣ್ಣಿನಿಂದ ಬೆಳೆಗೆ ಏರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಕಸದಿಂದ ಬೇರ್ಪಡಿಸಿ ಸಂಗ್ರಹ ಅಥವಾ ಮರುಬಳಕೆ ಕೇಂದ್ರಕ್ಕೆ ಮುಟ್ಟಿಸುವುದು ಬಳಕೆದಾರನ ಹೊಣೆ. ಅಲ್ಲಿಯವರೆಗೆ ಎರಡೂ ತುದಿಗೆ ಟೇಪ್ ಸುತ್ತಿ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.