ಗಣಕಕಾರ್ಯದಲ್ಲಿ ಪ್ರತ್ಯೇಕ ಪರಿಸರಗಳು: ಒಂದು ವಿವೇಚನೆ

ಶಾಸನಗಳನ್ನು ಶತಮಾನವಾರು ವಿಂಗಡಿಸಿ ಎಣಿಸಲು ನಮ್ಮ ವಿಭಾಗದಲ್ಲಿ ಪೈಥಾನ್ ಭಾಷೆಯ ಪ್ರೋಗ್ರಾಂ ಒಂದು ಬಳಕೆಯಲ್ಲಿದ್ದಿತು. ಬೇರೊಂದು ಕಾರ್ಯಕ್ಕಾಗಿ ಅದೇ ಗಣಕದಲ್ಲಿ ‘ಪಾಂಡಾಸ್’ ಎಂಬ ಲೈಬ್ರರಿಯ ಹೊಸ ಆವೃತ್ತಿಯನ್ನು ಸ್ಥಾಪಿಸಿದೆವು. ಒಡನೆಯೇ ಹಳೆಯ ಪ್ರೋಗ್ರಾಂ ನಿಂತುಹೋಯಿತು. ಅದರಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಕೋಷ್ಟಕಕ್ಕೆ ಸಾಲುಗಳನ್ನು ಸೇರಿಸಲು ಅದು ಅವಲಂಬಿಸಿದ್ದ ‘ಅಪೆಂಡ್’ ವಿಧಾನವನ್ನು 2023ರಲ್ಲಿ ಹೊರಬಂದ ಪಾಂಡಾಸ್ 2.0 ಕೈಬಿಟ್ಟಿದ್ದಿತು. ನಾವು ಹಿಂದೆ ಪ್ರಕಟಿಸಿದ ಅಂಕಿಗಳು ಹೇಗೆ ದೊರೆತುವೆಂದು ತೋರಿಸಲು ನಮ್ಮಿಂದಲೇ ಆಗದಂತಾಯಿತು. ಆಧಾರವನ್ನು ಸದಾ ಕೇಳುವ ವಿಭಾಗಕ್ಕೆ ಇದು ಸಣ್ಣ ಸಂಕೋಚವಲ್ಲ.

ಇದಕ್ಕೆ ಕಾರಣ ಸರಳವಾದುದು. ಸಾಮಾನ್ಯವಾಗಿ ಒಂದು ಪೈಥಾನ್ ಸ್ಥಾಪನೆಯ ಲೈಬ್ರರಿಗಳೆಲ್ಲವೂ ‘ಸೈಟ್-ಪ್ಯಾಕೇಜಸ್’ ಎಂಬ ಒಂದೇ ಫೋಲ್ಡರಿನಲ್ಲಿ ಸೇರುತ್ತವೆ. ಅಲ್ಲಿ ಹೊಸ ಆವೃತ್ತಿ ಬಂದರೆ ಹಳೆಯದು ತೆರವಾಗಲೇಬೇಕು. ಪ್ರತಿಯೊಂದು ಕಾರ್ಯಕ್ಕೂ ಅದರದೇ ಆದ ಫೋಲ್ಡರನ್ನು ಕಲ್ಪಿಸುವುದೇ ಪರಿಹಾರ. ಇಯಾನ್ ಬಿಕಿಂಗ್ ಎಂಬವರು 2007ರಲ್ಲಿ ‘ವರ್ಚುವಲ್‌ಎನ್ವ್’ ಎಂಬ ಸಾಧನವನ್ನು ರಚಿಸಿದರು. 2012ರ ಪೈಥಾನ್ 3.3ರಲ್ಲಿ ‘ವೆನ್ವ್’ ಎಂಬ ಹೆಸರಿನಿಂದ ಇಂಥದೇ ಸೌಕರ್ಯ ಭಾಷೆಯೊಳಗೇ ಸೇರಿತು. ಇದು ಗಣಕದೊಳಗೆ ಇನ್ನೊಂದು ಗಣಕವೆಂದು ಕೆಲವರು ಭಾವಿಸುವುದುಂಟು, ಹಾಗಲ್ಲ. ಮೂಲ ಪೈಥಾನ್ ಎಲ್ಲಿದೆಯೆಂದು ಸೂಚಿಸುವ ಚಿಕ್ಕದೊಂದು ಕಡತ ಮತ್ತು ಸ್ವಂತ ಸೈಟ್-ಪ್ಯಾಕೇಜಸ್, ಮುಖ್ಯವಾಗಿ ಇಷ್ಟೇ ಅದರ ಬಂಡವಾಳ.

ನಾವು ಅಂಥ ಪರಿಸರವನ್ನು ನಿರ್ಮಿಸಿ ಪಾಂಡಾಸ್ 1.5.3ನ್ನು ತರಿಸಿದೆವು. ಆದರೂ ಪ್ರೋಗ್ರಾಂ ನಡೆಯಲಿಲ್ಲ! ಪಾಂಡಾಸ್ ತಾನೇ ‘ನಂಪೈ’ ಎಂಬ ಇನ್ನೊಂದು ಲೈಬ್ರರಿಯನ್ನು ಆಶ್ರಯಿಸಿದೆ. ಅದರ ಆವೃತ್ತಿಯನ್ನು ನಾವು ನಮೂದಿಸದಿದ್ದುದರಿಂದ, 2024ರಲ್ಲಿ ಹೊರಬಂದ ನಂಪೈ 2ರ ಸರಣಿಯದೇ ಬಂದು ಕುಳಿತಿತು. ಹಳೆಯ ಪಾಂಡಾಸ್ ಅದಕ್ಕೆ ಹೊಂದುವುದಿಲ್ಲ. ನಂಪೈ 1.24ನ್ನು ಸ್ಪಷ್ಟವಾಗಿ ಹೆಸರಿಸಿದ ಮೇಲೆಯೇ ಕೋಷ್ಟಕ ಮರಳಿ ದೊರೆಯಿತು.

ಆದುದರಿಂದ ಪರಿಸರವನ್ನು ಬೇರ್ಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪ್ರಾಚೀನ ಕೃತಿಯ ಸಂಪಾದಕನು ತಾನು ಬಳಸಿದ ಓಲೆಪ್ರತಿಗಳನ್ನು ಹೇಳುವಂತೆ, ಪರೋಕ್ಷವಾಗಿ ಬಂದ ಲೈಬ್ರರಿಗಳನ್ನೂ ಆವೃತ್ತಿಸಹಿತ ಬರೆದಿಡಬೇಕು. ‘ಪಿಪ್ ಫ್ರೀಜ್’ ಎಂಬ ಆಜ್ಞೆ ಈ ಪಟ್ಟಿಯನ್ನು ಕೊಡುತ್ತದೆ. ಪೈಥಾನಿನ ಆವೃತ್ತಿ ಮಾತ್ರ ಅದರಲ್ಲಿ ಬರುವುದಿಲ್ಲ. ಅದನ್ನು ಕೈಯಿಂದಲೇ ಸೇರಿಸಬೇಕು. ಪರಿಸರದ ಫೋಲ್ಡರನ್ನು ಬೇರೆ ಗಣಕಕ್ಕೆ ನಕಲುಮಾಡುವುದು ಸಲ್ಲದು, ಏಕೆಂದರೆ ಮೂಲಸ್ಥಾನದ ವಿಳಾಸಗಳು ಅದರೊಳಗೆ ಬರೆಯಲ್ಪಟ್ಟಿರುತ್ತವೆ. ಅದನ್ನು ಅಳಿಸಿ, ಪಟ್ಟಿಯ ನೆರವಿನಿಂದ ಹೊಸದಾಗಿ ಕಟ್ಟಿಕೊಳ್ಳುವುದೇ ಲೇಸು. ಈ ವರ್ಷದಿಂದ ನಮ್ಮ ಪ್ರತಿಯೊಂದು ಕೋಷ್ಟಕದ ಜೊತೆಗೂ ಅದರ ಪಟ್ಟಿಯನ್ನು ಇರಿಸುತ್ತಿದ್ದೇವೆ. ಹಳೆಯ ಕೋಷ್ಟಕಗಳ ಪಟ್ಟಿಗಳನ್ನು ಒಂದೊಂದಾಗಿ ಸಿದ್ಧಪಡಿಸುತ್ತಿದ್ದೇವೆ.