ಮಾತಾಡದವನ ಕಡೆ ಕ್ಯಾಮೆರಾ ತಿರುಗಲಿಲ್ಲ

ದೂರದರ್ಶನದಲ್ಲಿ ಬರುತ್ತಿದ್ದ ನಾಟಕಗಳ ವಿಷಯಕ್ಕೆ ನಾವು ಜಗಳ ಆಡಿದ್ದು ಯಾರ ನಾಟಕ ಬಂತು, ಯಾರದು ಬರಲಿಲ್ಲ ಅಂತ. ಆ ಜಗಳ ಬೇಕಾಗಿತ್ತು. ಆದರೆ ರಂಗದ ಮೇಲಿನ ನಾಟಕ ಪೆಟ್ಟಿಗೆಯೊಳಕ್ಕೆ ಹೋಗುವಾಗ ಅದರೊಳಗಿನ ಜನಕ್ಕೆ ಏನಾಗುತ್ತದೆ ಅನ್ನೋದು ನಮ್ಮ ವಿಮರ್ಶೆಯ ಪ್ರಶ್ನೆಯಾಗಲಿಲ್ಲ.

ದೆಹಲಿಯಲ್ಲಿ ಟಿವಿ ಶುರುವಾದದ್ದು 1959ರಲ್ಲಿ, ಬೆಂಗಳೂರು ಕೇಂದ್ರ ಎಂಬತ್ತರ ದಶಕದಲ್ಲಿ. ಸ್ಟುಡಿಯೋ ನಾಟಕದ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮೂರು ಕ್ಯಾಮೆರಾಗಳು ಮೂರು ದಿಕ್ಕಿನಿಂದ ನೋಡುತ್ತಿರುತ್ತವೆ. ನಿರ್ಮಾಪಕರು ಕಂಟ್ರೋಲ್ ರೂಮಿನಲ್ಲಿ ಕೂತು, ಎದುರಿನ ಚಿಕ್ಕ ಪರದೆಗಳನ್ನು ನೋಡುತ್ತಾ, 'ಈಗ ಒಂದು, ಈಗ ಮೂರು' ಅಂತ ಹೇಳ್ತಾರೆ. ಪಕ್ಕದವರು ಗುಂಡಿ ಒತ್ತುತ್ತಾರೆ. ಹಾಗೆ ಆರಿಸಿದ ಚಿತ್ರ ಮಾತ್ರ ಟೇಪಿಗೆ ಹೋಗುತ್ತದೆ. ಮಿಕ್ಕ ಎರಡು ಕ್ಯಾಮೆರಾ ಕಂಡದ್ದು ಅಲ್ಲಿಗೇ ಹೋಯಿತು. ಆರಿಸುವುದಕ್ಕೆ ಆಧಾರ ಕೈಯಲ್ಲಿರುವ ಸ್ಕ್ರಿಪ್ಟು: ಯಾರ ಮಾತೋ ಅವರ ಮುಖ. ಆಗಿನ ಪರದೆಯೋ ನಾಲ್ಕಕ್ಕೆ ಮೂರರ ಅಳತೆಯದು, ಮನೆಯ ಸೆಟ್ಟು ಚಿಕ್ಕದು. ಇಡೀ ರಂಗ ತೋರಿಸಿದರೆ ಮನುಷ್ಯರು ಇರುವೆಗಳ ಥರ ಕಾಣ್ತಾರೆ. ಆದ್ದರಿಂದ ಹತ್ತಿರ ಹೋಗಲೇಬೇಕು. ಇದರಲ್ಲಿ ಯಾರ ಪಿತೂರಿಯನ್ನೂ ನಾನು ಹುಡುಕುತ್ತಿಲ್ಲ. ಇದು ಕಸುಬಿನ ರೂಢಿ. ಜಾತಿ ಕೂಡ ಬಹಳ ಕಡೆ ರೂಢಿಯಾಗಿಯೇ ಕೆಲಸ ಮಾಡುತ್ತದೆ ಅನ್ನೋದು ಬೇರೆ ಮಾತು.

ನಾಟಕಗಳಲ್ಲಿ ನಮ್ಮವರು ಬರುತ್ತಿದ್ದದ್ದು ಹೇಗೆ? ಗೌಡನ ಮನೆ ಜಗಲಿಯ ಕೆಳಗೆ ನಿಂತ ಜೀತದಾಳಾಗಿ. ಅವನಿಗೆ ಮಾತು ಎರಡೋ ಮೂರೋ, ಅದೂ 'ಆಯ್ತು ಬುದ್ಧೀ' ಅನ್ನುವಂಥದು. ಆದರೂ ರಂಗದ ಮೇಲೆ ದೃಶ್ಯ ಮುಗಿಯುವ ತನಕ ಅವನು ಇರ್ತಾನೆ. ಒಳ್ಳೆಯ ನಟನಾದರೆ ಗೌಡನ ಒಂದೊಂದು ಮಾತೂ ಆ ಬೆನ್ನ ಮೇಲೆ ಬೀಳುವುದು ನಮಗೆ ಕಾಣುತ್ತದೆ. ಬೇಕಾದರೆ ನಾನು ಗೌಡನನ್ನು ಬಿಟ್ಟು ಅವನೊಬ್ಬನನ್ನೇ ನೋಡಬಹುದು. ಟಿವಿಯಲ್ಲಿ ಆ ಸ್ವಾತಂತ್ರ್ಯ ಇಲ್ಲ. ಗೌಡ ಮಾತಾಡುವಷ್ಟೂ ಹೊತ್ತು ಗೌಡನ ಮೀಸೆ. ಆಳು 'ಬುದ್ಧೀ' ಅಂದಾಗ ಒಂದು ಕ್ಷಣ ಬಂದು ಹೋಗುತ್ತಾನೆ. ಅಷ್ಟು ಹೊತ್ತು ಅವನು ಕೇಳಿಸಿಕೊಂಡದ್ದು, ನುಂಗಿಕೊಂಡದ್ದು ಚೌಕಟ್ಟಿನ ಆಚೆಗೇ ಉಳಿಯಿತು.

ದೇವನೂರ ಮಹಾದೇವರ 'ಒಡಲಾಳ' ರಂಗಕ್ಕೂ ಬಂತು. ಉಮಾಶ್ರೀ ಅವರ ಸಾಕವ್ವನನ್ನು ರಂಗಭೂಮಿಯ ಜನ ಇವತ್ತಿಗೂ ನೆನೆಯುತ್ತಾರೆ. ಅದರಲ್ಲಿ ಮನೆಮಂದಿಯೆಲ್ಲ ಸೇರಿ ಕದ್ದು ತಂದ ಕಡ್ಲೆಕಾಯಿಯನ್ನು ರಾತ್ರಿಯೆಲ್ಲ ತಿನ್ನುವ ಪ್ರಸಂಗವಿದೆ. ಮೂರು ಕ್ಯಾಮೆರಾದ ರೂಢಿಯಲ್ಲಿ ಅದನ್ನು ಹಿಡಿದರೆ ಏನಾಗುತ್ತದೆ ಯೋಚಿಸಿ. ಒಂದೊಂದೇ ಮುಖ ತೋರಿಸುತ್ತಾ ಹೋದರೆ ಅದು ಹಸಿದ ಒಬ್ಬೊಬ್ಬರ ಕತೆ. ಅಷ್ಟೂ ಬಾಯಿಗಳು ಒಟ್ಟಿಗೆ ಕಂಡರೇನೇ ಆ ಮನೆಯ ಹಸಿವು, ಆ ಮನೆಯ ಸಂಭ್ರಮ.

ಹಾಗಂತ ಟಿವಿಯನ್ನು ಬರೀ ಬೈದು ಕೂರುವುದು ನನ್ನಿಂದ ಆಗದು. ಜಾತ್ರೆ ನಾಟಕದಲ್ಲಿ ನಮ್ಮ ಕೇರಿಯವರ ಜಾಗ ಎಲ್ಲರ ಹಿಂದೆ, ದೀಪದ ಬೆಳಕು ಮುಗಿಯುವ ಕಡೆ. ಊರಿಗೆಲ್ಲ ಒಂದೇ ಟಿವಿ ಇದ್ದಾಗಲೂ ಅಷ್ಟೇ, ನಾವು ಕಿಟಕಿಯ ಆಚೆ. ಒಳಗಿನವರು ಕಿಟಕಿ ಹಾಕಿಕೊಂಡರೆ ನಮಗೆ ನಾಟಕ ಮುಗೀತು. ಆಮೇಲೆ ಕೇರಿಗೇ ಒಂದು ಸೆಟ್ಟು ಬಂತು. ಅವ್ವ ನಾಟಕವೊಂದನ್ನು ಎಲ್ಲರಿಗಿಂತ ಮುಂದೆ ಕೂತು ನೋಡಿದ್ದು ಅವತ್ತೇ. ಎಲೆಅಡಿಕೆ ಹಾಕ್ಕೊಂಡು, ಪರದೆ ಮೇಲಿನ ಗೌಡನಿಗೆ ಬಾಯಿಗೆ ಬಂದ ಹಾಗೆ ಬೈತಾ ನೋಡಿದಳು. ರವೀಂದ್ರ ಕಲಾಕ್ಷೇತ್ರ ಅವಳಿಗೆ ಇದನ್ನು ಕೊಡುವಂತಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನಾವು ಮಾತಾಡಬೇಕು.

ದೂರದರ್ಶನದ ಹಳೆಯ ಮುದ್ರಿಕೆಗಳಲ್ಲಿ ಕೆಲವು ಈಗ ಯೂಟ್ಯೂಬಿನಲ್ಲಿ ಸಿಗುತ್ತವೆ. ವಿದ್ಯಾರ್ಥಿಗಳಿಗೆ ನಾನು ಹೇಳೋದು ಇಷ್ಟು: ಧ್ವನಿ ನಿಲ್ಲಿಸಿ ನೋಡಿ, ಮಾತಿಲ್ಲದ ಪಾತ್ರ ಎಷ್ಟು ಹೊತ್ತು ಕಾಣುತ್ತದೆ ಅಂತ ಗಡಿಯಾರ ಹಿಡಿದು ಬರೆದುಕೊಳ್ಳಿ. ಇನ್ನು, ನಮ್ಮ ತಂಡಗಳು ನಮ್ಮ ನಾಟಕಗಳನ್ನು ಮೊಬೈಲಿನಲ್ಲಿ ಹಿಡಿದಿಡುತ್ತಿವೆ. ಹತ್ತಿರದ ಮುಖಗಳನ್ನು ಎಷ್ಟು ಬೇಕಾದರೂ ಹಿಡಿಯಿರಿ. ಜೊತೆಗೆ ಒಂದು ಮೊಬೈಲನ್ನು ಹಿಂದಿನ ಸಾಲಿನಲ್ಲಿ ಅಲ್ಲಾಡದ ಹಾಗೆ ಕಟ್ಟಿ, ಇಡೀ ರಂಗ ಕಾಣುವಂತೆ, ನಾಟಕ ಮುಗಿಯುವ ತನಕ ಬಿಟ್ಟುಬಿಡಿ.