ಎಚ್ಚರಗೊಳ್ಳದ ಯಂತ್ರ

ವೈದ್ಯನು ರೋಗಿಯನ್ನು ಕಂಡೊಡನೆ ಔಷಧವನ್ನು ಕೊಡುವುದಿಲ್ಲ. ನಾಡಿಯನ್ನು ಹಿಡಿದು ನೋಡುತ್ತಾನೆ. ಕಣ್ಣು, ನಾಲಗೆಗಳನ್ನು ಪರೀಕ್ಷಿಸುತ್ತಾನೆ. ಈ ಬಾಧೆ ಎಂದಿನಿಂದ ಎಂದು ವಿಚಾರಿಸುತ್ತಾನೆ. ಕೆಟ್ಟು ನಿಂತ ಯಂತ್ರದ ಮುಂದೆಯೂ ನಮ್ಮ ನಡತೆ ಹೀಗೆಯೇ ಇರಬೇಕು. ಆದರೆ ಅನೇಕರು ಗುಂಡಿಯನ್ನು ಹತ್ತಾರು ಸಲ ಒತ್ತಿ, ಯಂತ್ರವನ್ನು ತಟ್ಟಿ, ಕೊನೆಗೆ ‘ಹಾಳಾಯಿತು’ ಎಂದು ಕೈಚೆಲ್ಲುತ್ತಾರೆ.

ನಮ್ಮ ನೆರೆಮನೆಯ ಬಾಲಕಿಯೊಬ್ಬಳು ತನ್ನ ಅಜ್ಜಿ ಹಾಡುತ್ತಿದ್ದ ಬೀಸುವ ಪದಗಳನ್ನು ಲ್ಯಾಪ್‌ಟಾಪಿನಲ್ಲಿ ಧ್ವನಿಮುದ್ರಣ ಮಾಡಿಕೊಂಡಿದ್ದಳು. ಅಜ್ಜಿ ತೀರಿಕೊಂಡ ಮೇಲೆ ಆ ಧ್ವನಿ ಉಳಿದುದು ಅದೊಂದರಲ್ಲಿಯೇ. ಒಂದು ಸಂಜೆ ಆ ಯಂತ್ರ ಏಳಲಿಲ್ಲ; ಪರದೆ ಕಪ್ಪಾಗಿಯೇ ಉಳಿಯಿತು. ನೋಡಲು ಬಂದವರೊಬ್ಬರು, “ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಿದರೆ ಸರಿಹೋದೀತು” ಎಂದರು. ಬಾಲಕಿ ಕಣ್ಣೀರು ತುಂಬಿಕೊಂಡು ನನ್ನ ಬಳಿಗೆ ಬಂದಳು.

ಪರೀಕ್ಷೆಗೆ ತೊಡಗುವ ಮುನ್ನ ಲ್ಯಾಪ್‌ಟಾಪು ಹೇಗೆ ಎಚ್ಚರಗೊಳ್ಳುತ್ತದೆ ಎಂಬುದನ್ನು ತಿಳಿಯಬೇಕು. ಅದು ಒಂದೇ ನೆಗೆತಕ್ಕೆ ಏಳುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ವಿದ್ಯುತ್ತು ಹರಿಯುತ್ತದೆ. ಬಳಿಕ ಮುಖ್ಯಫಲಕದ ಮೇಲಿನ ಚಿಪ್ಪೊಂದರಲ್ಲಿ ಬರೆದಿಟ್ಟ ಆದೇಶಗಳು ಕೆಲಸಕ್ಕೆ ತೊಡಗುತ್ತವೆ. ಹಳೆಯ ಯಂತ್ರಗಳಲ್ಲಿ ಇವುಗಳಿಗೆ ‘ಬಯಾಸ್’ ಎಂದೂ ಇಂದಿನವುಗಳಲ್ಲಿ ‘ಯುಇಎಫ್‌ಐ’ ಎಂದೂ ಹೆಸರು. ಅವು ಸ್ಮೃತಿಯೇ ಮೊದಲಾದ ಅಂಗಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುತ್ತವೆ. ಅನಂತರವೇ ಡಿಸ್ಕಿನಲ್ಲಿರುವ ಕಾರ್ಯಾಚರಣ ವ್ಯವಸ್ಥೆ ಸ್ಮೃತಿಗೆ ಬಂದು ಆಳ್ವಿಕೆಯನ್ನು ವಹಿಸಿಕೊಳ್ಳುತ್ತದೆ. ಈ ಕ್ರಿಯೆಯೇ ‘ಬೂಟ್’. ತನ್ನ ಪಾದರಕ್ಷೆಯ ಪಟ್ಟಿಯನ್ನು ತಾನೇ ಹಿಡಿದೆತ್ತಿ ಮೇಲೇಳುವುದು ಎಂಬ ಇಂಗ್ಲಿಷ್ ನುಡಿಗಟ್ಟಿನಿಂದ ಈ ಮಾತು ಹುಟ್ಟಿತು. ಯಂತ್ರ ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂಬುದನ್ನು ಕಂಡುಕೊಂಡರೆ ದೋಷವಿರುವ ಎಡೆಯೂ ಬಹುಮಟ್ಟಿಗೆ ತಿಳಿದಂತೆಯೇ.

ದೀಪವಾಗಲಿ, ಬೀಸಣಿಗೆಯ ಸದ್ದಾಗಲಿ ಇಲ್ಲದಿದ್ದರೆ ಮೊದಲ ಸಂದೇಹ ವಿದ್ಯುತ್ತಿನ ಮೇಲೆ. ಗೋಡೆಯ ಸಾಕೆಟ್ಟಿಗೆ ಬೇರೊಂದು ದೀಪವನ್ನು ಜೋಡಿಸಿ ನೋಡಬೇಕು. ಮನೆಯ 230 ವೋಲ್ಟಿನ ವಿದ್ಯುತ್ತನ್ನು ಸುಮಾರು 20 ವೋಲ್ಟಿಗೆ ಇಳಿಸಿಕೊಡುವ ಚಾರ್ಜರು ಕೆಟ್ಟಿರಲೂಬಹುದು. ಕೆಲವೊಮ್ಮೆ ಮಂಡಲಗಳಲ್ಲಿ ಉಳಿದ ಅಲ್ಪ ವಿದ್ಯುದಾವೇಶವೇ ಯಂತ್ರವನ್ನು ಸ್ತಬ್ಧಗೊಳಿಸುತ್ತದೆ. ಆಗ ಚಾರ್ಜರನ್ನು ತೆಗೆದು, ಬ್ಯಾಟರಿಯನ್ನು ಕಳಚಲು ಬರುವಂತಿದ್ದರೆ ಕಳಚಿ, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಅದು ಬರಿದಾಗುತ್ತದೆ. ಆದರೆ ಬ್ಯಾಟರಿ ಉಬ್ಬಿಕೊಂಡಿದ್ದರೆ ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜು ಮಾಡಬಾರದು. ಲಿಥಿಯಂ ಬ್ಯಾಟರಿ ಹೊತ್ತಿ ಉರಿಯಬಲ್ಲದು. ಅದು ತಜ್ಞರ ಕೆಲಸ.

ದೀಪ ಹೊತ್ತಿ, ಬೀಪ್ ಎಂಬ ಸದ್ದು ಮತ್ತೆ ಮತ್ತೆ ಕೇಳಿಬಂದರೆ, ಅದು ಯಂತ್ರ ತನ್ನ ನೋವನ್ನು ಹೇಳುವ ಭಾಷೆ. ಎಷ್ಟು ಸಲ ಎಂಬುದನ್ನು ಎಣಿಸಿಡಬೇಕು. ತಯಾರಕರ ಹೆಸರು ಕಾಣಿಸಿಕೊಂಡು ಮುಂದೆ ಸಾಗದಿದ್ದರೆ ದೋಷ ಡಿಸ್ಕಿನಲ್ಲಿಯೋ ವ್ಯವಸ್ಥೆಯಲ್ಲಿಯೋ ಇರಬಹುದು. ತಿರುಗುವ ಡಿಸ್ಕಿನಿಂದ ಟಕಟಕ ಸದ್ದು ಬಂದರೆ ಯಂತ್ರವನ್ನು ಕೂಡಲೆ ನಿಲ್ಲಿಸುವುದು ಲೇಸು.

ಬಾಲಕಿಯ ಲ್ಯಾಪ್‌ಟಾಪಿನಲ್ಲಿ ದೀಪ ಹೊತ್ತಿತ್ತು, ಬೀಸಣಿಗೆ ತಿರುಗುತ್ತಿತ್ತು, ಬೀಪ್ ಸದ್ದಿರಲಿಲ್ಲ. ಹಾಗಾದರೆ ಯಂತ್ರ ಎದ್ದಿದ್ದು, ಪರದೆ ಮಾತ್ರ ಮಲಗಿರಬಹುದಲ್ಲವೆ? ಕೋಣೆಯನ್ನು ಕತ್ತಲು ಮಾಡಿ, ಪರದೆಯ ಮೇಲೆ ಓರೆಯಾಗಿ ಟಾರ್ಚನ್ನು ಹಿಡಿದೆವು. ಮಸುಕು ಮಸುಕಾಗಿ ಅಕ್ಷರಗಳು ಕಂಡವು! ಇಂತಹ ದ್ರವಸ್ಫಟಿಕ ಪರದೆ ತಾನಾಗಿ ಬೆಳಗುವುದಿಲ್ಲ. ಹಿಂದಿನ ದೀಪ ಬೆಳಗಿದರೆ ಮಾತ್ರ ಚಿತ್ರ ಕಾಣುತ್ತದೆ. ಆರಿದ್ದುದು ಆ ದೀಪ. ಲ್ಯಾಪ್‌ಟಾಪನ್ನು ತಂತಿಯ ಮೂಲಕ ಟೆಲಿವಿಷನ್ನಿಗೆ ಜೋಡಿಸಿದಾಗ ಎಲ್ಲವೂ ಸ್ಪಷ್ಟವಾಗಿ ಮೂಡಿತು. ಮೊದಲ ಕೆಲಸವಾಗಿ ಹಾಡುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆವು. ಆ ಸಲಹೆಯಂತೆ ಎಲ್ಲವನ್ನೂ ಅಳಿಸಿದ್ದರೆ ದೀಪವೇನೂ ಹೊತ್ತುತ್ತಿರಲಿಲ್ಲ; ಅಜ್ಜಿಯ ಧ್ವನಿ ಮಾತ್ರ ಹೋಗುತ್ತಿತ್ತು.

1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ‘ಮಾರ್ಕ್ 2’ ಎಂಬ ಗಣಕಯಂತ್ರ ತಪ್ಪತೊಡಗಿತು. ಅದರ ರಿಲೇ ಒಂದರಲ್ಲಿ ಪತಂಗವೊಂದು ಸಿಕ್ಕಿಕೊಂಡಿದ್ದುದು ತಿಳಿಯಿತು. ಕೆಲಸಗಾರರು ಅದನ್ನು ತೆಗೆದು, ದಿನಚರಿಯ ಪುಟಕ್ಕೆ ಅಂಟಿಸಿ, ಕಂಡುದನ್ನು ಬರೆದಿಟ್ಟರು. ನಾವೂ ಹಾಗೆಯೇ ಮಾಡಬೇಕು. ಸುಲಭವಾದುದನ್ನು ಮೊದಲು ನೋಡಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಕಂಡುದನ್ನು ಬರೆದಿಡಬೇಕು, ಮರಳಿ ಪಡೆಯಲಾಗದ್ದನ್ನು ಅವಸರದಿಂದ ಅಳಿಸಬಾರದು.

ಆ ಬಾಲಕಿ ಈಗ ಹಾಡುಗಳನ್ನು ಎರಡು ಕಡೆ ಕಾಪಾಡಿದ್ದಾಳೆ. ಯಂತ್ರ ಹಳತಾದರೆ ಮತ್ತೊಂದನ್ನು ಕೊಳ್ಳಬಹುದು; ಅಗಲಿದವರ ಧ್ವನಿಯನ್ನು ಯಾವ ಅಂಗಡಿಯಲ್ಲಿ ಕೊಳ್ಳಲಾದೀತು?